ಮರಳಿನಲ್ಲಿ ಎಟಿವಿ ಎಳೆಯುತ್ತಿಲ್ಲ: ತಪ್ಪು ಸ್ಪ್ರಾಕೆಟ್‌ನದ್ದೋ, ಬೇರೆಯದ್ದೋ?

ಮೂರನೇ ಗೇರಿನಲ್ಲಿ ಎಂಜಿನ್ ಕಿರುಚುತ್ತದೆ. ನಾಲ್ಕಕ್ಕೆ ಹಾಕಿದ ಕೂಡಲೇ ಸೋತು ಹೋಗುತ್ತದೆ. ದಿಬ್ಬದ ಅರ್ಧಕ್ಕೆ ಬಂದು ಗಾಡಿ ನಿಲ್ಲುತ್ತದೆ. ಶಾರ್ಜಾದ ಬದಾಯರ್ ಮರಳುಗಾಡಿನಲ್ಲಿ, ಜನ ಬಿಗ್ ರೆಡ್ ಅಂತ ಕರೆಯುವ ದೊಡ್ಡ ದಿಬ್ಬದ ಬುಡದಲ್ಲಿ, ಸ್ಪೋರ್ಟ್ ಎಟಿವಿ (ದಪ್ಪ ಟೈರಿನ, ನಾಲ್ಕು ಚಕ್ರದ ಗಾಡಿ) ಓಡಿಸುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ದೂರು ಇದು. ಅದಕ್ಕೆ ಪಕ್ಕದವರು ಕೊಡುವ ಸಲಹೆಯೂ ಒಂದೇ: ‘ಮುಂದೆ ಒಂದು ಹಲ್ಲು ಕಡಿಮೆ ಹಾಕು, ಸರಿಯಾಗುತ್ತೆ.’

ಹಲ್ಲು ಅಂದರೆ ಸ್ಪ್ರಾಕೆಟ್‌ನ ಹಲ್ಲು. ಚೈನ್ ಸುತ್ತುವ ಹಲ್ಲಿನ ಚಕ್ರವೇ ಸ್ಪ್ರಾಕೆಟ್, ಮುಂದೆ ಎಂಜಿನ್ ಕಡೆ ಒಂದು, ಹಿಂದೆ ಎಕ್ಸಲ್ ಮೇಲೆ ಒಂದು. ಸರಿಯಾಗಬಹುದು. ಆದರೆ ಕ್ಲಚ್ ಜಾರುತ್ತಿದ್ದರೂ ಹೀಗೇ ಆಗುತ್ತದೆ. ಏರ್ ಫಿಲ್ಟರ್‌ನಲ್ಲಿ ಮರಳು ಕೂತಿದ್ದರೂ, ಟೈರ್ ಬದಲಿಸಿದ್ದರೂ ಹೀಗೇ ಆಗುತ್ತದೆ. ಸುಮ್ನೆ ಸ್ಪ್ರಾಕೆಟ್ ತಂದು ಹಾಕಿದರೆ ನಿಜವಾದ ದೋಷ ಮುಚ್ಚಿಹೋಗುತ್ತದೆ, ಮುಂದೆ ದೊಡ್ಡ ಖರ್ಚಾಗಿ ಎದುರು ಬರುತ್ತದೆ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಸ್ಪ್ಯಾನರ್.

ಇಲ್ಲಿ ಹೇಳುವುದೆಲ್ಲ ಚೈನ್ ಇರುವ, ಕೈಯಲ್ಲಿ ಕ್ಲಚ್ ಹಿಡಿದು ಗೇರ್ ಹಾಕುವ ಸ್ಪೋರ್ಟ್ ಎಟಿವಿಗಳ ಮಾತು. ಬೆಲ್ಟ್ ಇರುವ ಆಟೋಮ್ಯಾಟಿಕ್ ಗಾಡಿಗಳ ಲೆಕ್ಕ ಬೇರೆ. ಉದಾಹರಣೆಗೆ ಯಮಹಾ ರಾಪ್ಟರ್ 700 ತೆಗೆದುಕೊಂಡಿದ್ದೇನೆ, ಕೊಲ್ಲಿ ದೇಶಗಳ ಮರಳಿನಲ್ಲಿ ಕಣ್ಣಿಗೆ ಬೀಳುವ ಗಾಡಿ ಅದೇ ಜಾಸ್ತಿ. ಮಂಗಳೂರು, ಉಡುಪಿ ಕಡೆಯಿಂದ ಬಂದು ಇಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರ ಕೈಗೂ ಅದೇ ಸಿಗುತ್ತದೆ.

ಹಲ್ಲು ಎಣಿಸಿ

ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಳೆಯ ಮಾಲೀಕ ಏನು ಹಾಕಿದ್ದಾನೆ ಅಂತ ಊಹಿಸಬೇಡಿ. ಮುಂದಿನ ಸ್ಪ್ರಾಕೆಟ್‌ನ ಕವರ್ ಬಿಚ್ಚಿ ನೋಡಿ. ಹಲ್ಲಿನ ಸಂಖ್ಯೆಯನ್ನು ಸಾಮಾನ್ಯವಾಗಿ ಸ್ಪ್ರಾಕೆಟ್ ಮುಖದ ಮೇಲೆಯೇ ಕೊರೆದಿರುತ್ತಾರೆ. ಇಲ್ಲದಿದ್ದರೆ ಒಂದು ಹಲ್ಲಿಗೆ ಚಾಕ್‌ಪೀಸ್ ಗುರುತು ಹಾಕಿ ಎಣಿಸಿ. ಹಿಂದಿನದ್ದಕ್ಕೂ ಹಾಗೇ ಮಾಡಿ.

ಕಂಪನಿಯಿಂದ ಬರುವಾಗ ರಾಪ್ಟರ್ 700ಕ್ಕೆ ಮುಂದೆ 14, ಹಿಂದೆ 38 ಹಲ್ಲು. ಯಮಹಾದ್ದೇ ವೈಎಫ್‌ಝಡ್450ಆರ್‌ಗೂ ಅದೇ 14/38. ಹೋಂಡಾ ಟಿಆರ್‌ಎಕ್ಸ್400ಇಎಕ್ಸ್‌ಗೆ 15/38, ಸುಜುಕಿ ಎಲ್‌ಟಿ-ಝಡ್400ಕ್ಕೆ 14/40. ಯಮಹಾದ ಹಳೆಯ ಟೂ-ಸ್ಟ್ರೋಕ್ ಬನ್‌ಶೀಗೆ 14/41. ಇವೆಲ್ಲಕ್ಕೂ 520 ಚೈನ್. ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 15.875 ಮಿ.ಮೀ.

ಲೆಕ್ಕ ಸುಲಭ. ಹಿಂದಿನ ಹಲ್ಲನ್ನು ಮುಂದಿನ ಹಲ್ಲಿನಿಂದ ಭಾಗಿಸಿ. 38 ಭಾಗಿಸು 14 ಅಂದರೆ 2.71. ಈ ಸಂಖ್ಯೆ ದೊಡ್ಡದಾದರೆ ಗಾಡಿಗೆ ಎಳೆತ ಜಾಸ್ತಿ, ಪ್ರತಿ ಗೇರಿನ ಸ್ಪೀಡ್ ಕಡಿಮೆ. ಚಿಕ್ಕದಾದರೆ ಸ್ಪೀಡ್ ಜಾಸ್ತಿ, ಎಳೆತ ಕಡಿಮೆ. ಗೇರಿಂಗ್ ಅನ್ನುವುದು ಇದನ್ನೇ. ಮುಂದೆ 13 ಹಾಕಿದರೆ 2.92, ಸುಮಾರು ಶೇ. 8 ಎಳೆತದ ಕಡೆಗೆ. ಮುಂದೆ 15 ಹಾಕಿದರೆ 2.53, ಶೇ. 7ರ ಹತ್ತಿರ ಸ್ಪೀಡಿನ ಕಡೆಗೆ. 14 ಹಾಗೇ ಇಟ್ಟು ಹಿಂದೆ 40 ಹಾಕಿದರೆ 2.86, ಶೇ. 5 ಎಳೆತಕ್ಕೆ. ಮುಂದಿನ ಒಂದು ಹಲ್ಲು ಹಿಂದಿನ ಹೆಚ್ಚುಕಡಿಮೆ ಮೂರು ಹಲ್ಲಿಗೆ ಸಮ ಅಂತ ಇಟ್ಟುಕೊಳ್ಳಿ. 13/38 ಮತ್ತು 14/41 ಹೆಚ್ಚುಕಡಿಮೆ ಒಂದೇ.

ದೂರನ್ನು ಬಿಡಿಸಿ ಕೇಳಿ

‘ಎಳೆಯಲ್ಲ’ ಅನ್ನುವುದು ಒಂದು ದೂರಲ್ಲ, ನಾಲ್ಕೈದು ಬೇರೆ ಬೇರೆ ದೂರು ಒಟ್ಟಿಗೆ. ಯಾವ ಗೇರಿನಲ್ಲಿ, ಯಾವ ನೆಲದಲ್ಲಿ, ಎಂಜಿನ್ ಸೌಂಡ್ ಏರುತ್ತಾ ಇತ್ತೋ ಇಳಿಯುತ್ತಾ ಇತ್ತೋ? ಇಷ್ಟು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎಂಜಿನ್ ಸೌಂಡ್ ಇಳಿದು ಗಾಡಿ ನಿಧಾನವಾದರೆ ಗೇರಿಂಗ್ ಮೇಲೆ ಅನುಮಾನ ಪಡಬಹುದು. ಎಂಜಿನ್ ಶಕ್ತಿ ಕಡಿಮೆಯಾಗಿದ್ದರೂ ಹೀಗೇ ಆಗುತ್ತದೆ, ಅದನ್ನು ಮುಂದೆ ನೋಡೋಣ. ಸೌಂಡ್ ಏರುತ್ತಾ ಗಾಡಿ ನಿಧಾನವಾದರೆ ಅದು ಗೇರಿಂಗ್ ಅಲ್ಲವೇ ಅಲ್ಲ. ಎಂಜಿನ್ನಿನ ತಿರುಗು ನೆಲಕ್ಕೆ ಮುಟ್ಟುತ್ತಿಲ್ಲ. ಒಂದೋ ಟೈರ್ ಸುಮ್ನೆ ತಿರುಗುತ್ತಿದೆ, ಇಲ್ಲ ಕ್ಲಚ್ ಜಾರುತ್ತಿದೆ.

ಕೊನೆಯ ಗೇರಿನಲ್ಲಿ ಎಂಜಿನ್ ತನ್ನ ಮಿತಿ ಮುಟ್ಟಿ ಕಟ್ ಕಟ್ ಅಂತ ತಡೆದುಕೊಳ್ಳುತ್ತಿದ್ದರೆ, ಇನ್ನೂ ಓಡಲು ಜಾಗ ಇದ್ದರೆ, ಗೇರಿಂಗ್ ಎಳೆತದ ಕಡೆಗೆ ಜಾಸ್ತಿಯಾಗಿದೆ. ಅದಕ್ಕೆ ವಿರುದ್ಧವಾದ ದೂರು ಜನರಿಗೆ ಬೇಗ ಅರ್ಥವಾಗುವುದಿಲ್ಲ: ‘ಟಾಪ್ ಸ್ಪೀಡ್ ಬರ್ತಿಲ್ಲ, ಮುಂದೆ 15 ಹಾಕಿ.’ ಆ ಗಾಡಿ ಐದನೇ ಗೇರಿನಲ್ಲಿ ಪೂರ್ತಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಟ್ಟುತ್ತಲೇ ಇಲ್ಲ ಅಂತಾದರೆ 15 ಹಾಕಿದ ಮೇಲೆ ಸ್ಪೀಡ್ ಇನ್ನೂ ಇಳಿಯುತ್ತದೆ. ಮರಳು ಚಕ್ರವನ್ನು ಹಿಡಿದು ಎಳೆಯುತ್ತದೆ, ಗಾಳಿ ಎದುರಿನಿಂದ ತಳ್ಳುತ್ತದೆ. ಆ ಭಾರ ಹೊರುವಷ್ಟು ಶಕ್ತಿ ಇರುವ ಆರ್‌ಪಿಎಂಗೆ ಎಂಜಿನ್ ತಲುಪಬೇಕು. ಅಂಥ ಗಾಡಿಗೆ 13 ಹಾಕಿದರೆ ಟಾಪ್ ಸ್ಪೀಡ್ ಏರುವುದೂ ಉಂಟು. ಸ್ಪೀಡ್ ನೋಡಲು ಫೋನಿನ ಜಿಪಿಎಸ್ ಸಾಕು.

ಇನ್ನೊಂದು ದೂರು ನಿಧಾನದ್ದು. ಕಲ್ಲು, ಕಾಡು, ಕಿರಿದಾದ ದಾರಿಯಲ್ಲಿ ಮೊದಲನೇ ಗೇರ್‌ನಲ್ಲೂ ಅರ್ಧ ಕ್ಲಚ್ ಹಿಡಿದೇ ಓಡಿಸಬೇಕಾಗುತ್ತದೆ. ಇದು ನಿಜವಾದ ಗೇರಿಂಗ್ ದೋಷ. ಇದನ್ನು ಹಾಗೇ ಬಿಟ್ಟರೆ ಕ್ಲಚ್ ಪ್ಲೇಟ್ ಸುಟ್ಟುಹೋಗುತ್ತದೆ.

ಸ್ಪ್ರಾಕೆಟ್ ಹೆಸರಿನಲ್ಲಿ ಅಡಗಿರುವ ದೋಷಗಳು

ಕ್ಲಚ್‌ನಿಂದ ಶುರು ಮಾಡಿ. ಮರಳಿನಲ್ಲಿ ಈ ಪರೀಕ್ಷೆ ಮಾಡಿದರೆ ಟೈರ್ ತಿರುಗಿ ದಾರಿ ತಪ್ಪಿಸುತ್ತದೆ. ಗಟ್ಟಿ ನೆಲ ಬೇಕು. ಇಲ್ಲಿ ಸಬ್ಖಾ ಅಂತ ಕರೆಯುವ ಉಪ್ಪುಮಣ್ಣಿನ ಬಯಲು ಒಣಗಿದ್ದಾಗ ಚೆನ್ನಾಗಿರುತ್ತದೆ. ಆದರೆ ಒದ್ದೆ ಸಬ್ಖಾಕ್ಕೆ ಇಳಿಯಲೇಬೇಡಿ, ಗಾಡಿ ಹೂತು ಹೋಗುತ್ತದೆ. ಪ್ಯಾಡಲ್ ಟೈರ್ (ಮರಳು ಎಸೆಯುವ ಅಡ್ಡ ಪಟ್ಟಿಗಳಿರುವ ಟೈರ್) ಇದ್ದರೆ ತೆಗೆದು ಸಾದಾ ಟೈರ್ ಹಾಕಿಕೊಳ್ಳಿ. ಹೆಲ್ಮೆಟ್ ಹಾಕಿ, ನಾಲ್ಕನೇ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ ಥ್ರಾಟಲ್ ಪೂರ್ತಿ ಒತ್ತಿ. ಆರ್‌ಪಿಎಂ ಹಾರಿ, ಸ್ಪೀಡ್ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಕೇಬಲ್ ತೀರಾ ಟೈಟ್ ಆಗಿದೆಯಾ ನೋಡಿ, ಲಿವರ್‌ಗೆ ಸ್ವಲ್ಪ ಆಟ ಇರಲೇಬೇಕು. ಆಮೇಲೆ ಯಾವ ಆಯಿಲ್ ಹಾಕಿದ್ದಾರೆ ಅಂತ ಕೇಳಿ. ಈ ಗಾಡಿಗಳಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿಗೆ ಮಾಡಿದ, ಘರ್ಷಣೆ ಕಡಿಮೆ ಮಾಡುವ ಆಯಿಲ್ ಹಾಕಿದರೆ ಹೊಸ ಪ್ಲೇಟ್ ಕೂಡ ಜಾರಬಹುದು. ಡಬ್ಬಿಯ ಮೇಲೆ ಜಾಸೊ ಎಂಎ (JASO MA) ಅಂತ ಇರಬೇಕು, ಇಂಥ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಸರಿಹೋಗುವ ಆಯಿಲ್‌ನ ಗುರುತು ಅದು.

ಆಮೇಲೆ ಬ್ರೇಕ್. ನ್ಯೂಟ್ರಲ್‌ಗೆ ಹಾಕಿ ಗಾಡಿ ತಳ್ಳಿ. ಗಟ್ಟಿ ನೆಲದಲ್ಲಿ ಒಬ್ಬರೇ ತಳ್ಳಲು ಕಷ್ಟವಾದರೆ ಹಿಂದಿನ ಬ್ರೇಕ್ ಹಿಡಿದುಕೊಂಡಿರಬಹುದು. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್ನಿಗೆ ಮರಳು ಸೇರಿದರೆ ಪ್ಯಾಡ್ ಬಿಡುವುದಿಲ್ಲ. ಸ್ವಲ್ಪ ಓಡಿಸಿ ನಿಲ್ಲಿಸಿದಾಗ ಡಿಸ್ಕ್ ಸುಡುವಷ್ಟು ಬಿಸಿ ಇದೆಯಾ ಅಂತ ನೋಡಿ, ಬರಿಗೈಯಲ್ಲಿ ಮುಟ್ಟಬೇಡಿ. ಪಾರ್ಕಿಂಗ್ ಬ್ರೇಕ್ ಲಿವರ್ ಪೂರ್ತಿ ಬಿಟ್ಟಿದೆಯಾ ಅಂತಲೂ ಖಾತ್ರಿ ಮಾಡಿಕೊಳ್ಳಿ. ಯಮಹಾದ ಕೆಲವು ಮಾಡೆಲ್‌ಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿದೆ ಅಂತ ಸ್ವಿಚ್ ಹೇಳಿದರೆ ಎಂಜಿನ್ ಆರ್‌ಪಿಎಂ ಏರಲು ಬಿಡುವುದಿಲ್ಲ. ಆ ಸ್ವಿಚ್ ಕೆಟ್ಟಿದ್ದರೆ ಲಿವರ್ ಬಿಟ್ಟಿದ್ದರೂ ಎಂಜಿನ್ ತಡವರಿಸುತ್ತದೆ. ಇದನ್ನು ಯಾವ ಸ್ಪ್ರಾಕೆಟ್ಟೂ ಸರಿ ಮಾಡುವುದಿಲ್ಲ.

ಇನ್ನು ಎಂಜಿನ್ ಉಸಿರು. ಅದೇ ಗಟ್ಟಿ ನೆಲದಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಡಿ. ಎರಡನೇ ಗೇರಿನಲ್ಲಿ ಭಾರ ಕಡಿಮೆ, ಗೇರಿಂಗ್ ಹೇಗಿದ್ದರೂ ಒಳ್ಳೆಯ ಎಂಜಿನ್ ಸಲೀಸಾಗಿ ಮಿತಿಯವರೆಗೆ ಏರಬೇಕು. ಏರದಿದ್ದರೆ ಏರ್ ಫಿಲ್ಟರ್, ಪೆಟ್ರೋಲ್, ಪ್ಲಗ್, ವಾಲ್ವ್ ಕಡೆ ಹೋಗಿ. ಮರಳಿನಲ್ಲಿ ಓಡಿದ ಫೋಮ್ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಹಾಕದೆ ಕೂರಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆಯೇ ಸಣ್ಣ ದೂಳನ್ನು ಹಿಡಿಯುವುದು. ಅದು ಇಲ್ಲದಿದ್ದರೆ ದೂಳು ಪಿಸ್ಟನ್ನಿಗೆ ಹೋಗಿ ಕಂಪ್ರೆಶನ್ ತಿಂದುಹಾಕುತ್ತದೆ.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜನವರಿಯಲ್ಲಿ 20 ಡಿಗ್ರಿಯಲ್ಲಿ ಚೆನ್ನಾಗಿ ಹತ್ತಿದ ಗಾಡಿ ಮೇ ತಿಂಗಳ 40 ಡಿಗ್ರಿಯಲ್ಲಿ ಸೋಲುತ್ತದೆ ಅಂದರೆ ಅದು ಕೆಟ್ಟಿದೆ ಅಂತಲ್ಲ. ಆ 20 ಡಿಗ್ರಿ ವ್ಯತ್ಯಾಸಕ್ಕೆ ಗಾಳಿ ಸುಮಾರು ಶೇ. 6 ತೆಳುವಾಗುತ್ತದೆ, ಎಂಜಿನ್ ಶಕ್ತಿಯೂ ಕುಗ್ಗುತ್ತದೆ. ಮಳೆಯ ತೇವ ಇದ್ದ ಮರಳು ಗಟ್ಟಿ, ಬೇಸಿಗೆಯ ಒಣ ಮರಳು ಮೆತ್ತಗೆ. ಎರಡೂ ಸೇರಿದರೆ ಮುಂದಿನ ಒಂದು ಹಲ್ಲಿನಷ್ಟು ವ್ಯತ್ಯಾಸ ಆಗಿಬಿಡುತ್ತದೆ. ಚಳಿಗಾಲಕ್ಕೆ 14, ಬಿಸಿಲು ಏರಿದ ಮೇಲೆ 13 ಅಂತ ಎರಡನ್ನೂ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ನನ್ನ ಪ್ರಕಾರ ಬುದ್ಧಿವಂತಿಕೆ. ಮುಂದಿನ ಸ್ಪ್ರಾಕೆಟ್ ಅಗ್ಗ, ಬದಲಿಸುವುದೂ ಸುಲಭ.

ಟೈರ್: ಎಲ್ಲರೂ ಮರೆಯುವ ಮೂರನೇ ಸ್ಪ್ರಾಕೆಟ್

ನಾನು ಜಾಸ್ತಿ ಒತ್ತಿ ಹೇಳಬೇಕಾದದ್ದು ಇದು. ಹಲ್ಲಿನ ಲೆಕ್ಕ ಅರ್ಧ ಲೆಕ್ಕ ಮಾತ್ರ. ಉಳಿದ ಅರ್ಧ ಟೈರಿನ ಎತ್ತರದಲ್ಲಿದೆ. ರಾಪ್ಟರ್ 700ರ ಹಿಂದಿನ ಟೈರ್ 20x10-9, ಅಂದರೆ ಎತ್ತರ 20 ಇಂಚು. ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತದೆ. ಇದರ ಬದಲು 22 ಇಂಚಿನ ಟೈರ್ ಹಾಕಿದರೆ ಸ್ಪ್ರಾಕೆಟ್ ಮುಟ್ಟದೆಯೇ ಗೇರಿಂಗ್ ಶೇ. 10 ಸ್ಪೀಡಿನ ಕಡೆಗೆ ಹೋಯಿತು. ಮೋಟೋಕ್ರಾಸ್‌ನವರು ಬಳಸುವ 18 ಇಂಚಿನದ್ದು ಹಾಕಿದರೆ ಶೇ. 10 ಎಳೆತದ ಕಡೆಗೆ ಬಂತು.

ಒಂದು ಉದಾಹರಣೆ ನೋಡಿ. ಒಬ್ಬರು ಸ್ಪೀಡ್ ಬೇಕು ಅಂತ ಮುಂದೆ 15 ಹಾಕಿಸಿಕೊಂಡಿದ್ದಾರೆ. ಗಾಡಿ ಮಾರುತ್ತಾರೆ. ಕೊಂಡವರು ಮರಳಿಗೆ ಅಂತ 22 ಇಂಚಿನ ಪ್ಯಾಡಲ್ ಟೈರ್ ಹಾಕುತ್ತಾರೆ. 15/38 ಅಂದರೆ 2.53. ಅದನ್ನು 22ರಿಂದ ಭಾಗಿಸಿ 20ರಿಂದ ಗುಣಿಸಿದರೆ 2.30. ಕಂಪನಿಯ 2.71ಕ್ಕೆ ಹೋಲಿಸಿದರೆ ಶೇ. 15 ಸ್ಪೀಡಿನ ಕಡೆಗೆ. ಅಂದರೆ ಹೆಚ್ಚುಕಡಿಮೆ ಒಂದು ಗೇರಿನಷ್ಟೇ ಎಳೆತ ಹೋಗಿಬಿಟ್ಟಿದೆ. ನಾಲ್ಕನೇ ಗೇರಿನಲ್ಲಿ ದಿಬ್ಬ ಹತ್ತದೆ ಇರುವುದರಲ್ಲಿ ಆಶ್ಚರ್ಯ ಏನಿದೆ? ಅದೇ ಟೈರಿಗೆ 13/38 ಹಾಕಿದರೆ ಲೆಕ್ಕ 2.66ಕ್ಕೆ ಬರುತ್ತದೆ, ಕಂಪನಿಯದ್ದಕ್ಕೆ ತುಂಬಾ ಹತ್ತಿರ. ಇಲ್ಲಿ 13 ಹಾಕಿದ್ದು ಎಳೆತ ಹೆಚ್ಚಿಸಲಿಕ್ಕಲ್ಲ, ಕಳೆದುಕೊಂಡದ್ದನ್ನು ವಾಪಸ್ ತರಲಿಕ್ಕೆ.

ಟೈರಿನ ಮೇಲೆ ಬರೆದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಸವೆದ ಟೈರ್, ಗಾಳಿ ಕಡಿಮೆ ಇರುವ ಟೈರ್ ಚಿಕ್ಕದಾಗಿರುತ್ತದೆ. ಸೀಮೆಸುಣ್ಣದ ಗುರುತು ಹಾಕಿ, ಸವಾರನನ್ನು ಕೂರಿಸಿ, ಗಾಡಿಯನ್ನು ಒಂದು ಸುತ್ತು ತಳ್ಳಿ. ನೆಲದ ಮೇಲೆ ಎಷ್ಟು ಸೆಂಟಿಮೀಟರ್ ಹೋಯಿತು ಅಂತ ಟೇಪಿನಲ್ಲಿ ಅಳೆಯಿರಿ. ನಿಜವಾದ ಲೆಕ್ಕ ಅದೇ.

ಪ್ಯಾಡಲ್ ಟೈರಿಗೆ ಇನ್ನೊಂದು ಗುಣ ಇದೆ. ಸಾದಾ ಟೈರ್ ಮರಳಿನಲ್ಲಿ ಜಾರುತ್ತದೆ, ಎಂಜಿನ್ ಹಗುರವಾಗಿ ತಿರುಗುತ್ತದೆ. ಪ್ಯಾಡಲ್ ಮರಳನ್ನು ಕಚ್ಚಿ ಎಸೆಯುತ್ತದೆ, ಭಾರ ಪೂರ್ತಿ ಎಂಜಿನ್ ಮೇಲೆ ಬೀಳುತ್ತದೆ. ಎತ್ತರ ಒಂದೇ ಇದ್ದರೂ ಗಾಡಿ ಸೋಲುವುದು ಇದಕ್ಕೇ. ಎಂಜಿನ್ ಚಿಕ್ಕದಾದರೆ ಕಡಿಮೆ ಪಟ್ಟಿಗಳಿರುವ, ಹಗುರ ಪ್ಯಾಡಲ್ ಹಾಕಿ ನೋಡಿ. ಸ್ಪ್ರಾಕೆಟ್ ಬದಲಿಸುವುದಕ್ಕಿಂತ ಅದೇ ಸರಿಯಾದ ಉತ್ತರ ಆಗಿರಬಹುದು.

ಎಷ್ಟು ಹಲ್ಲು, ಎಲ್ಲಿ?

ಎಲ್ಲ ಪರೀಕ್ಷೆ ಮುಗಿದು ದೋಷ ಗೇರಿಂಗ್‌ನದ್ದೇ ಅಂತ ಗೊತ್ತಾಯಿತು ಅನ್ನೋಣ. ಸ್ಪ್ರಾಕೆಟ್ ಎರಡು ಗೇರಿನ ನಡುವಿನ ಅಂತರವನ್ನು ಕಡಿಮೆ ಮಾಡುವುದಿಲ್ಲ. ಮೂರಕ್ಕೂ ನಾಲ್ಕಕ್ಕೂ ಇರುವ ಅಂತರ ಗೇರ್‌ಬಾಕ್ಸ್‌ನ ಒಳಗಿನದ್ದು, ಅದು ಹಾಗೇ ಇರುತ್ತದೆ. ಸ್ಪ್ರಾಕೆಟ್ ಐದೂ ಗೇರುಗಳನ್ನು ಒಟ್ಟಿಗೆ ಆಚೆ ಈಚೆ ಸರಿಸುತ್ತದೆ, ಅಷ್ಟೇ. ಹಾಗಾಗಿ ಕೇಳಬೇಕಾದ ಪ್ರಶ್ನೆ: ನೀವು ದಿನವೂ ಓಡುವ ಜಾಗದಲ್ಲಿ ನಿಮಗೆ ಯಾವ ಗೇರ್ ಬೇಕು? ಮೂರರಲ್ಲಿ ಎಂಜಿನ್ ಮಿತಿ ಮುಟ್ಟುತ್ತದೆ, ನಾಲ್ಕರಲ್ಲಿ ಸ್ವಲ್ಪದರಲ್ಲಿ ಸೋಲುತ್ತದೆ ಅಂದರೆ ಮುಂದೆ ಒಂದು ಹಲ್ಲು ಇಳಿಸಿ, ನಾಲ್ಕನ್ನು ಬಳಸುವ ಹಾಗೆ ಮಾಡಿ. ನಾಲ್ಕರಲ್ಲಿ ತುಂಬಾ ಸೋಲುತ್ತದೆ, ಮೂರರಲ್ಲಿ ಇನ್ನು ಸ್ವಲ್ಪ ಸ್ಪೀಡ್ ಸಿಕ್ಕಿದ್ದರೆ ದಿಬ್ಬ ಮುಗಿಯುತ್ತಿತ್ತು ಅಂದರೆ ಹಿಂದೆ ಎರಡು ಹಲ್ಲು ಕಡಿಮೆ ಮಾಡಿ ಮೂರನ್ನೇ ಉದ್ದ ಮಾಡಿ. ಒಂದೇ ದೂರಿಗೆ ಎರಡು ವಿರುದ್ಧ ಉತ್ತರ ಇರುವುದರಿಂದಲೇ ಎಷ್ಟರ ಮಟ್ಟಿಗೆ ಸೋಲುತ್ತದೆ ಅಂತ ಸರಿಯಾಗಿ ಗಮನಿಸಬೇಕು.

ಅಬುಧಾಬಿಯ ಲಿವಾದ ತಲ್ ಮೊರೀಬ್‌ನಂಥ ಸುಮಾರು 300 ಮೀಟರ್ ಎತ್ತರದ ದಿಬ್ಬಕ್ಕೆ ಓಡುವವರ ಲೆಕ್ಕ ಬೇರೆ. ಅಲ್ಲಿ ಒಂದೇ ಎಳೆತದಲ್ಲಿ ಮೇಲಕ್ಕೆ ಹೋಗಬೇಕು, ನಡುವೆ ಗೇರ್ ಬದಲಿಸಿದರೆ ವೇಗ ಸತ್ತುಹೋಗುತ್ತದೆ. ಒಂದು ಗೇರ್ ಆರಿಸಿ, ಅದು ದಿಬ್ಬದ ಉದ್ದಕ್ಕೂ ಬಾಳುವ ಹಾಗೆ ಹಲ್ಲು ಹೊಂದಿಸಬೇಕು.

ದೊಡ್ಡ ಬದಲಾವಣೆಗೆ ಮುಂದಿನದ್ದು, ಸಣ್ಣ ತಿದ್ದುಪಡಿಗೆ ಹಿಂದಿನದ್ದು. ಮುಂದೆ 12ಕ್ಕೆ ಇಳಿಯಬೇಡಿ ಅಂತಲೇ ನಾನು ಹೇಳುವುದು. ಸ್ಪ್ರಾಕೆಟ್ ಅಷ್ಟು ಚಿಕ್ಕದಾದರೆ ಚೈನ್ ತೀರಾ ಮಡಚಿಕೊಂಡು ತಿರುಗುತ್ತದೆ, ಬೇಗ ಸವೆಯುತ್ತದೆ. ಸ್ವಿಂಗ್ ಆರ್ಮ್ (ಹಿಂದಿನ ಎಕ್ಸಲ್ ಹೊತ್ತು ಮೇಲೆ ಕೆಳಗೆ ಆಡುವ ತೋಳು) ಮೇಲಿನ ಪ್ಲಾಸ್ಟಿಕ್ ಪಟ್ಟಿಯನ್ನೂ ಉಜ್ಜಿ ತೆಗೆಯುತ್ತದೆ. ಮುಂದೆ ದೊಡ್ಡದು ಹಾಕುವಾಗ ಚೈನ್ ಎಂಜಿನ್ ಕೇಸಿಗೆ ತಾಗುತ್ತದೆಯಾ ಅಂತ ಕೈಯಲ್ಲಿ ಚಕ್ರ ತಿರುಗಿಸಿ ನೋಡಿ.

ಹಿಂದೆ ಹಲ್ಲು ಹೆಚ್ಚಿಸಿದರೆ ಪ್ರತಿ ಹಲ್ಲಿಗೆ ಸ್ಪ್ರಾಕೆಟ್ ಸುಮಾರು 2.5 ಮಿ.ಮೀ. ನೆಲಕ್ಕೆ ಹತ್ತಿರ ಬರುತ್ತದೆ. ಮರಳಿನಲ್ಲಿ ಚಿಂತೆಯಿಲ್ಲ. ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಖಾಸಗಿಯಾಗಿ ಓಡಿಸುವವರು ಇದನ್ನು ಗಮನಿಸಬೇಕು. ಕಲ್ಲಿಗೆ, ಬೇರಿಗೆ ಮೊದಲು ತಾಗುವುದು ಅದೇ. ಅಲ್ಲಿ ಎಳೆತ ಬೇಕಾದರೆ ಮುಂದೆ ಇಳಿಸುವುದೇ ಒಳ್ಳೆಯದು.

ಎಳೆತ ಹೆಚ್ಚಾದರೆ ಮುಂದಿನ ಚಕ್ರಗಳು ಬೇಗ ಏಳುತ್ತವೆ. ಏರಿನಲ್ಲಿ ಪ್ಯಾಡಲ್ ಹಾಕಿಕೊಂಡು 13 ಹಲ್ಲಿನಲ್ಲಿ ಮೊದಲ ಸಲ ಥ್ರಾಟಲ್ ಒತ್ತುವಾಗ ಮೈ ಮುಂದಕ್ಕೆ ಬಾಗಿರಲಿ. ಗಾಡಿ ಹಿಂದಕ್ಕೆ ಮಗುಚಿ ಸವಾರನ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಜೋಡಿಸುವಾಗ ಹುಟ್ಟುವ ಹೊಸ ದೋಷಗಳು

ಹೊಸ ಸ್ಪ್ರಾಕೆಟ್ ಹಾಕುವ ಮೊದಲು ಚೈನ್ ಅಳೆಯಿರಿ. ಚೈನ್ ಬಿಗಿ ಹಿಡಿದು 20 ಲಿಂಕ್ ಅಳತೆ ತೆಗೆಯಿರಿ. ಹೊಸ 520 ಚೈನಾದರೆ 317.5 ಮಿ.ಮೀ. ಇರುತ್ತದೆ. 323 ದಾಟಿದ್ದರೆ ಅದರ ಆಯಸ್ಸು ಮುಗಿದಿದೆ. ಅಳೆಯಲು ಆಗದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ತುದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಬದಲಿಸಿ. ಸವೆದ ಚೈನ್ ಹೊಸ ಸ್ಪ್ರಾಕೆಟ್ ಮೇಲೆ ಸರಿಯಾಗಿ ಕೂರುವುದಿಲ್ಲ. ಭಾರ ಬಿದ್ದಾಗ ಹಲ್ಲು ಹಾರಿ ಕಟಕ್ ಅನ್ನುತ್ತದೆ, ಜನ ಅದನ್ನು ಗೇರ್‌ಬಾಕ್ಸ್ ದೋಷ ಅಂತ ತಿಳಿದು ಎಂಜಿನ್ ಬಿಚ್ಚಿಸುತ್ತಾರೆ.

ಒಂದು ಹಲ್ಲು ಬದಲಾದರೆ ಎಕ್ಸಲ್ ಸುಮಾರು 4 ಮಿ.ಮೀ. ಸರಿಯಬೇಕು. ಹಲ್ಲು ಕಡಿಮೆಯಾದರೆ ಹಿಂದಕ್ಕೆ, ಜಾಸ್ತಿಯಾದರೆ ಮುಂದಕ್ಕೆ. ಹಿಂದೆ 38ರಿಂದ 42ಕ್ಕೆ ಹೋದರೆ 16 ಮಿ.ಮೀ. ಮುಂದೆ ಬರಬೇಕು, ಅಷ್ಟು ಜಾಗ ಇಲ್ಲದಿದ್ದರೆ ಉದ್ದದ ಚೈನ್ ಬೇಕು. ಅಡ್ಜಸ್ಟರ್ ಈಗಾಗಲೇ ಹಿಂದಿನ ತುದಿಗೆ ಬಂದಿದ್ದರೆ, ಮುಂದೆ 13 ಹಾಕಿದ ಮೇಲೆ ಚೈನ್ ಬಿಗಿಯಾಗುವುದೇ ಇಲ್ಲ. ಸವೆತ ಮಿತಿಯೊಳಗೆ ಇದ್ದರೆ ಎರಡು ಲಿಂಕ್ ತೆಗೆಯಬಹುದು.

ಚೈನ್ ಸಡಿಲ ಎಷ್ಟಿರಬೇಕು ಅಂತ ನಿಮ್ಮ ಗಾಡಿಯ ಪುಸ್ತಕದಲ್ಲಿದೆ, ಅದನ್ನೇ ಅನುಸರಿಸಿ. ಆದರೆ ಒಂದು ಪರೀಕ್ಷೆ ಬಿಡಬೇಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಹಿಂದಿನ ಎಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಎಲ್ಲಕ್ಕಿಂತ ಬಿಗಿಯಾಗಿರುತ್ತದೆ. ಇಬ್ಬರನ್ನು ಹಿಂದೆ ಕೂರಿಸಿ ಆ ಗೆರೆಗೆ ತನ್ನಿ, ಆಗಲೂ ಚೈನ್‌ನಲ್ಲಿ ಸ್ವಲ್ಪ ಆಟ ಉಳಿದಿರಬೇಕು. ಇಲ್ಲದಿದ್ದರೆ ದಿಬ್ಬದಿಂದ ಹಾರಿ ಇಳಿಯುವಾಗ ಎಂಜಿನ್ ಶಾಫ್ಟ್‌ನ ಬೇರಿಂಗಿಗೆ ಪೆಟ್ಟು ಬೀಳುತ್ತದೆ.

ಮುಂದಿನ ನಟ್ ಬಿಚ್ಚುವಾಗ ಲಾಕ್ ವಾಷರ್‌ನ ಮಡಚಿದ ಅಂಚನ್ನು ಮೊದಲು ನೇರ ಮಾಡಿ. ಗಾಡಿ ಗೇರಿನಲ್ಲಿಟ್ಟು, ಹಿಂದಿನ ಬ್ರೇಕ್ ಒತ್ತಿ ಹಿಡಿದು ಬಿಚ್ಚಿ. ವಾಪಸ್ ಹಾಕುವಾಗ ವಾಷರ್ ಅಂಚನ್ನು ಮತ್ತೆ ನಟ್‌ಗೆ ಮಡಚಿ. ಚೈನ್ ಲಾಕ್ ಕ್ಲಿಪ್‌ನ ತೆರೆದ ಬಾಯಿ ಚೈನ್ ಓಡುವ ದಿಕ್ಕಿಗೆ ಹಿಂದಕ್ಕಿರಲಿ. ಮರಳಿನಲ್ಲಿ ಅಂಟು ಅಂಟಾದ ಚೈನ್ ಲೂಬ್ ಬೇಡ, ಮರಳು ಅದಕ್ಕೆ ಅಂಟಿ ಸ್ಪ್ರಾಕೆಟ್ ಅರೆಯುತ್ತದೆ. ಒಣಗುವ ಲೂಬ್ ಹಾಕಿ ಒರೆಸಿಬಿಡಿ.

ಆಮೇಲೆ ಒಂದು ಸುತ್ತು ಓಡಿಸಿ ಬಂದು, ಎಂಜಿನ್ ತಣ್ಣಗಾದ ಮೇಲೆ ಮುಂದಿನ ನಟ್, ಹಿಂದಿನ ಸ್ಪ್ರಾಕೆಟ್‌ನ ಬೋಲ್ಟುಗಳು, ಚೈನ್ ಸಡಿಲ ಮೂರನ್ನೂ ಮತ್ತೆ ನೋಡಿ. ಹೊಸ ಚೈನ್ ಮೊದಲ ಓಟದಲ್ಲೇ ಸ್ವಲ್ಪ ಹಿಗ್ಗುತ್ತದೆ. ದಿಬ್ಬಕ್ಕೆ ಹೋಗುವುದು ಅದನ್ನು ಸರಿ ಮಾಡಿಕೊಂಡ ಮೇಲೆ.